ಮಳೆಯ ಲೆಕ್ಕ ಯಾರಿಗೆ ಬೇಕು, ಎಷ್ಟು ಹೊತ್ತಿಗೆ ಬೇಕು?

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ಅಲ್ಲಿ ಬಸ್ ಹತ್ತಿ ತೀರ್ಥಹಳ್ಳಿ, ಮಂಡಗದ್ದೆ ದಾಟಿ ಶಿವಮೊಗ್ಗದಲ್ಲಿ ಇಳಿದರೆ ವರ್ಷದ ಮಳೆ ಸಾವಿರ ಮಿ.ಮೀ. ಆಸುಪಾಸು. ನಡುವೆ ಇರುವುದು ತೊಂಬತ್ತು ಚಿಲ್ಲರೆ ಕಿಲೋಮೀಟರ್ ಅಷ್ಟೇ. ಎರಡೂ ಒಂದೇ ಜಿಲ್ಲೆ, ನಮ್ಮ ಶಿವಮೊಗ್ಗ ಜಿಲ್ಲೆ. ಇವೆರಡಕ್ಕೆ ಶಿಕಾರಿಪುರ, ಭದ್ರಾವತಿ, ಸೊರಬ ಎಲ್ಲ ಸೇರಿಸಿ ಭಾಗಿಸಿದರೆ ಜಿಲ್ಲೆಯ ಸರಾಸರಿ ಅಂತ ಒಂದು ಅಂಕಿ ಸಿಗುತ್ತದೆ. ಅದನ್ನು ಹಿಡಿದುಕೊಂಡು ಆಗುಂಬೆಯವರೂ ಏನೂ ಮಾಡಲಾರರು, ಶಿಕಾರಿಪುರದವರೂ ಏನೂ ಮಾಡಲಾರರು. ಭಾರತೀಯ ಹವಾಮಾನ ಇಲಾಖೆಯ ವಿಂಗಡಣೆಯಲ್ಲಿ ನಮ್ಮ ಜಿಲ್ಲೆ ದಕ್ಷಿಣ ಒಳನಾಡಿಗೆ ಸೇರುತ್ತದೆ. ಅಂದರೆ ಕೋಲಾರ, ಚಿತ್ರದುರ್ಗದ ಜೊತೆಗೆ. ಟಿವಿಯಲ್ಲಿ 'ದಕ್ಷಿಣ ಒಳನಾಡಿನಲ್ಲಿ ಸಾಧಾರಣ ಮಳೆ' ಎಂದು ಕೇಳಿ, ಇದೇ ಜಿಲ್ಲೆಯ ಮಲೆನಾಡಿನ ಹೊಸನಗರದವರು ಏನೆಂದು ತಿಳಿದುಕೊಳ್ಳಬೇಕು?

ನಾನು ಇರುವುದು ಒಂದು ಚಿಕ್ಕ ತಂಡದಲ್ಲಿ. ಮಳೆ ಮಾಪಕಗಳ ಲೆಕ್ಕ, ಮುನ್ಸೂಚನೆ, ಹಳೆಯ ದಾಖಲೆ ಎಲ್ಲವನ್ನೂ ಒಟ್ಟು ಮಾಡಿ, ಪಂಚಾಯಿತಿ, ಸಹಕಾರ ಸಂಘ, ತಾಲ್ಲೂಕು ಕಚೇರಿಗಳಿಗೆ ಬೇಕಾದ ಹಾಗೆ ಒಂದೊಂದು ಪುಟದ ಟಿಪ್ಪಣಿ ಮಾಡಿಕೊಡುವುದು ನಮ್ಮ ಕೆಲಸ. ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಒಂದೇ. ಅಂಕಿಯಿಂದ ಶುರು ಮಾಡಬಾರದು. ಎದುರಿಗಿರುವವರು ಏನು ತೀರ್ಮಾನ ಮಾಡಬೇಕಾಗಿದೆ, ಎಷ್ಟು ಹೊತ್ತಿನೊಳಗೆ ಮಾಡಬೇಕು, ತಪ್ಪಿದರೆ ಯಾರಿಗೆ ಎಷ್ಟು ನಷ್ಟ ಎಂದು ಮೊದಲು ಕೇಳಬೇಕು. ಅಲ್ಲಿಂದ ಹಿಂದಕ್ಕೆ ಬಂದರೆ ಯಾವ ಅಂಕಿ ಬೇಕು ಅಂತ ತಾನಾಗಿಯೇ ಗೊತ್ತಾಗುತ್ತದೆ.

ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಅಡಿಕೆಯ ಕೊಳೆರೋಗವನ್ನೇ ತೆಗೆದುಕೊಳ್ಳಿ. ಮಳೆ ಹಿಡಿಯುವ ಮುಂಚೆ ಒಂದು ಸಲ ಅದನ್ನು ತಡೆಯುವ ಬೋರ್ಡೋ ದ್ರಾವಣ ಹೊಡೆಸಬೇಕು. ಅದಾಗಿ 40-45 ದಿನಕ್ಕೆ ಇನ್ನೊಂದು ಸಲ. ಮೊದಲನೆಯದು ಹೇಗೋ ಆಗುತ್ತದೆ. ಎರಡನೆಯದು ಬಂದು ನಿಲ್ಲುವುದು ಸರಿಯಾಗಿ ಜುಲೈ ನಡುವಿಗೆ, ಮಲೆನಾಡಿನಲ್ಲಿ ಆಕಾಶವೇ ಕಾಣದ ಹೊತ್ತಿಗೆ. ಬೋರ್ಡೋ ಅಂದರೆ ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಕಲಸಿದ ದ್ರಾವಣವನ್ನು ಅವತ್ತೇ ಮುಗಿಸಬೇಕು, ಮಾರನೇ ದಿನಕ್ಕೆ ಇಟ್ಟರೆ ಕೆಲಸಕ್ಕೆ ಬಾರದು. ಹೊಡೆದ ಮೇಲೆ ಗೊನೆಯ ಮೇಲೆ ಒಣಗಲು ಸ್ವಲ್ಪ ಹೊತ್ತು ಬೇಕು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರು ಕರೆದ ಕೂಡಲೇ ಸಿಗುವ ಕಾಲ ಹೋಗಿದೆ. ನೆಲದಲ್ಲೇ ನಿಂತು ಹೊಡೆಯಲು ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಕೋಲು) ಬಂದಿದ್ದರೂ ಅದನ್ನು ಹಿಡಿಯುವ ಕೈ ಬೇಕಲ್ಲ. ನಾಲ್ಕೈದು ದಿನ ಮುಂಚೆಯೇ ಹೇಳಿಟ್ಟುಕೊಳ್ಳಬೇಕು.

ಈಗ ಈ ಬೆಳೆಗಾರರಿಗೆ 'ಮುಂದಿನ ಐದು ದಿನ 240 ಮಿ.ಮೀ. ಮಳೆ' ಎಂದರೆ ಏನು ಉಪಯೋಗ? ಅವರಿಗೆ ಬೇಕಾದದ್ದು ಮಳೆಯ ಲೆಕ್ಕವೇ ಅಲ್ಲ, ಹೊಳವಿನ ಲೆಕ್ಕ, ಅಂದರೆ ನಡುವೆ ಮಳೆ ಬಿಡುವ ಹೊತ್ತಿನದು. ಐದು ದಿನದಲ್ಲಿ ಎಲ್ಲಾದರೂ ಅರ್ಧ ದಿನ ಹೊಳವಾಗುತ್ತದೆಯೇ, ಆಗುವುದಾದರೆ ಯಾವಾಗ? ಹಾಗಾಗಿ ನಮ್ಮ ಟಿಪ್ಪಣಿಯಲ್ಲಿ ಮೇಲಿನ ಸಾಲು ಅದೇ: 'ಗುರುವಾರ ಮಧ್ಯಾಹ್ನದಿಂದ ಶುಕ್ರವಾರ ಸಂಜೆಯ ತನಕ ಹೊಳವು ಸಿಗುವ ಸಾಧ್ಯತೆ ಇದೆ.' ಅದರ ಕೆಳಗೆ, ಇಷ್ಟೇ ಭರವಸೆಯಿಂದ ಹಿಂದೆ ಹೇಳಿದಾಗ ಹತ್ತರಲ್ಲಿ ಎಷ್ಟು ಸಲ ಸರಿಯಾಯಿತು ಎನ್ನುವುದು.

ಎರಡನೇ ಸಾಲು ಯಾಕೆ ಬೇಕು ಅಂತ ಕೆಲವರು ಕೇಳುತ್ತಾರೆ. 'ತಪ್ಪಿದ್ದನ್ನೂ ಬರೆದರೆ ಜನ ನಂಬುತ್ತಾರಾ ಸರ್?' ನನ್ನ ಅನುಭವದಲ್ಲಿ ಅದನ್ನು ಬರೆದರೇ ನಂಬುತ್ತಾರೆ. ಎರಡು ಎಕರೆ ಇರುವವರು, ಮನೆಯವರೇ ದೋಟಿ ಹಿಡಿಯುವವರು, ಇನ್ನೂ ಎರಡು ದಿನ ಕಾಯುತ್ತಾರೆ. ಹದಿನೈದು ಎಕರೆ ಇದ್ದು ಒಂದೇ ತಂಡದವರನ್ನು ನಂಬಿಕೊಂಡವರು ಕಾಯುವ ಹಾಗಿಲ್ಲ. ಹತ್ತರಲ್ಲಿ ಆರರ ಅವಕಾಶ ಇದ್ದರೂ ಶುರು ಮಾಡುತ್ತಾರೆ. ಮುನ್ಸೂಚನೆ ಒಂದೇ, ತೀರ್ಮಾನ ಬೇರೆ ಬೇರೆ. ಎರಡೂ ಸರಿಯೇ. 'ನಾಳೆ ಹೊಡೆಯಿರಿ' ಎಂದು ನಾವು ಯಾವತ್ತೂ ಬರೆಯುವುದಿಲ್ಲ. ಮೈಲುತುತ್ತಿನ ದುಡ್ಡು ಅವರದು.

ಎರಡು ವಾರದಾಚೆಯ ಮಾತು ಬಂದಾಗ ತಾರೀಖಿಗಿಂತ ಮಳೆ ನಕ್ಷತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ಕೆಲವು ವಾರಗಳ ವಿಸ್ತೃತ ಮುನ್ಸೂಚನೆ ಕೊಡುತ್ತದೆ. ಅಷ್ಟು ದೂರಕ್ಕೆ ದಿನದ ಮಳೆ ಹೇಳಲು ಬರುವುದಿಲ್ಲ. ವಾರದ್ದು ಅಥವಾ ಎರಡು ವಾರದ್ದು, ವಾಡಿಕೆಗಿಂತ ಹೆಚ್ಚೋ ಕಡಿಮೆಯೋ, ಅಷ್ಟೇ. ನಮ್ಮ ಒಂದೊಂದು ಮಳೆ ನಕ್ಷತ್ರವೂ ಹದಿಮೂರು ಹದಿನಾಲ್ಕು ದಿನದ್ದು. ಆರಿದ್ರಾ ಜೂನ್ 21-22ಕ್ಕೆ ಹುಟ್ಟುತ್ತದೆ, ಪುನರ್ವಸು ಜುಲೈ ಮೊದಲ ವಾರ, ಪುಷ್ಯ 19-20ರ ಹೊತ್ತಿಗೆ. 'ಪುಷ್ಯ ಮಳೆಯ ಮೊದಲ ವಾರ ವಾಡಿಕೆಗಿಂತ ಕಡಿಮೆ ಆಗಬಹುದು' ಎಂದು ಬರೆದರೆ ಸೊಸೈಟಿಯ ಜಗಲಿಯಲ್ಲಿ ಕೂತವರಿಗೆ ಯಾವ ಗದ್ದೆಯ ನಾಟಿ, ಯಾವ ತೋಟದ ಗೊಬ್ಬರ ಎಂಬುದು ತಕ್ಷಣ ಕಣ್ಣಿಗೆ ಬರುತ್ತದೆ. ನಕ್ಷತ್ರ ಮಳೆ ತರುತ್ತದೆ ಅಂತ ನಾವು ಹೇಳುತ್ತಿಲ್ಲ. ರೈತರ ವರ್ಷ ಅದರಲ್ಲಿ ನಡೆಯುತ್ತದೆ, ಅದಕ್ಕೆ ಬಳಸುತ್ತೇವೆ.

ಇಷ್ಟೆಲ್ಲ ಮಾಡಿದರೂ ಬುಡದ ಲೆಕ್ಕವೇ ಸರಿ ಇಲ್ಲದಿದ್ದರೆ ಏನೂ ಪ್ರಯೋಜನವಿಲ್ಲ. ಹಾಗಾಗಿ ನಮ್ಮ ಹೆಚ್ಚಿನ ಹೊತ್ತು ಹೋಗುವುದು ಮಾಪಕಗಳ ಹಿಂದೆ.

ಈಗ ಪಂಚಾಯಿತಿ ಮಟ್ಟದಲ್ಲೂ ಮಳೆ ಮಾಪಕಗಳಿವೆ, ತಾವಾಗಿಯೇ ಲೆಕ್ಕ ಕಳಿಸುತ್ತವೆ. ಇದು ನಿಜಕ್ಕೂ ದೊಡ್ಡ ಕೆಲಸ. ಆದರೆ ಯಂತ್ರ ಕಾಡಂಚಿನಲ್ಲಿ ನಿಂತಿದೆ ಎನ್ನುವುದನ್ನು ಮರೆಯಬಾರದು. ಒಂದು ದಿನ ಹೊಸನಗರ ಕಡೆಯ ಒಂದು ಮಾಪಕದ ಗ್ರಾಫ್ ನೋಡುತ್ತಿದ್ದೆ. ಸುತ್ತಲಿನ ನಾಲ್ಕು ಮಾಪಕಗಳಲ್ಲಿ ರಾತ್ರಿ ಒಂದೂವರೆ ಗಂಟೆ ಜೋರು ಮಳೆ, ಆಮೇಲೆ ಪೂರ್ತಿ ನಿಂತಿದೆ. ಇದರಲ್ಲಿ ಮಾತ್ರ ಜೋರು ಮಳೆಯೇ ಇಲ್ಲ. ಬೆಳಗಿನ ತನಕ ಒಂದೇ ಸಮ ಸಣ್ಣಗೆ ಸುರಿದ ಹಾಗೆ ಗೆರೆ. ಗ್ರಾಫ್ ಹೀಗೆ ಬಂತೆಂದರೆ ಅಲ್ಲಿಗೆ ಹೋಗಲೇಬೇಕು. ಈ ಮಾಪಕದೊಳಗೆ ಜೋಡಿ ಬಟ್ಟಲು ಇರುತ್ತದೆ. ಒಂದು ತುಂಬಿದ ಕೂಡಲೇ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಅದರ ಜಾಗಕ್ಕೆ ಬರುತ್ತದೆ. ಎಷ್ಟು ಸಲ ವಾಲಿತು ಎನ್ನುವುದೇ ಮಳೆಯ ಲೆಕ್ಕ. ಹೋಗಿ ಮುಚ್ಚಳ ತೆಗೆದರೆ, ಆಲಿಕೆಯ ಬಾಯಿಗೆ ಒಂದು ಹಲಸಿನ ಎಲೆ ಅಂಟಿಕೊಂಡಿತ್ತು. ಕೆಳಗಿನ ತೂತಿನಲ್ಲಿ ಇರುವೆ ಮಣ್ಣು. ರಾತ್ರಿಯ ಮಳೆಯೆಲ್ಲ ಆಲಿಕೆಯಲ್ಲೇ ನಿಂತು, ತೊಟ್ಟು ತೊಟ್ಟಾಗಿ ಇಳಿದಿದೆ. ಉಕ್ಕಿ ಹೊರಗೆ ಹೋದದ್ದು ಎಷ್ಟೋ. ಎಲೆ ತೆಗೆದೆವು, ತಂತಿಯಲ್ಲಿ ತೂತು ಬಿಡಿಸಿದೆವು, ಅಳತೆ ಪಾತ್ರೆಯಿಂದ ನೀರು ಹೊಯ್ದು ಬಟ್ಟಲು ವಾಲುವುದನ್ನು ಎಣಿಸಿದೆವು. ಅವತ್ತಿನ ಲೆಕ್ಕವನ್ನು ನಮ್ಮ ಪಟ್ಟಿಯಲ್ಲಿ 'ಬಳಸಬೇಡಿ' ಎಂದು ಗುರುತು ಹಾಕಿದೆವು. ಅಳಿಸಲಿಲ್ಲ. ಅಳಿಸಿದರೆ ಮುಂದೆ ಯಾರಿಗೂ ಏನಾಗಿತ್ತೆಂದು ಗೊತ್ತಾಗುವುದಿಲ್ಲ.

ಅಲ್ಲೇ ಪಕ್ಕದ ಮನೆಯ ಯಜಮಾನರು ನಿಂತು ನೋಡುತ್ತಿದ್ದರು. 'ನಿಮ್ ಮಿಷಿನ್ನಿಗಿಂತ ನಮ್ಮನೆ ಅಂಗಳದ ಬಾಲ್ದಿನೇ ವಾಸಿ ಮಾರಾಯ' ಎಂದರು. ಅವರಿಗೆ ಸಿಟ್ಟು ಬರಲು ಕಾರಣ ಇತ್ತು. ಹವಾಮಾನ ಆಧಾರಿತ ಬೆಳೆ ವಿಮೆಯ ಹಣ ತೀರ್ಮಾನವಾಗುವುದು ಇಂಥ ಮಾಪಕದ ಲೆಕ್ಕದಿಂದಲೇ. ಒಂದು ಎಲೆ ಸಿಕ್ಕಿಕೊಂಡರೆ ಒಂದು ಪಂಚಾಯಿತಿಯ ಅಡಿಕೆ, ಕಾಳುಮೆಣಸಿನವರಿಗೆಲ್ಲ ಹೊಡೆತ.

ಮಾಪಕ ಇಟ್ಟಾಗ ಬಯಲಾಗಿದ್ದ ಜಾಗದಲ್ಲಿ ಈಗ ಮರ ಬೆಳೆದಿರುತ್ತದೆ. ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರದಲ್ಲಾದರೂ ಮಾಪಕ ಇರಬೇಕು. ಇದನ್ನು ನೋಡಲು ಎಂಜಿನಿಯರೇ ಆಗಬೇಕಿಲ್ಲ. ಪಂಚಾಯಿತಿಯ ನೀರುಗಂಟಿ ತಿಂಗಳಿಗೊಮ್ಮೆ ಫೋಟೋ ತೆಗೆದು ಕಳಿಸಿದರೆ ಸಾಕು. ನನ್ನನ್ನು ಕೇಳಿದರೆ, ಹೊಸ ಮಾಪಕಕ್ಕೆ ಹಾಕುವ ದುಡ್ಡಿನಲ್ಲಿ ಒಂದು ಪಾಲನ್ನು ಇದ್ದವನ್ನು ತೊಳೆಯಲು ಇಡುವುದು ಮೇಲು.

ಶಾಲೆಗೆ ರಜೆ ಕೊಡುವ ವಿಷಯ ಇದಕ್ಕಿಂತ ಸೂಕ್ಷ್ಮ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 204.4 ದಾಟಿದರೆ ಅತ್ಯಂತ ಭಾರಿ ಮಳೆ. ಇಡೀ ದೇಶಕ್ಕೆ ಒಂದೇ ಅಳತೆ ಇರುವುದು ಸರಿಯೇ, ಹೋಲಿಸಬೇಕಲ್ಲ. ಆದರೆ ಜುಲೈನಲ್ಲಿ ಆಗುಂಬೆಗೆ 65 ಮಿ.ಮೀ. ದಿನನಿತ್ಯದ ಮಳೆ. ಅಷ್ಟೇ ಮಳೆ ಶಿಕಾರಿಪುರದ ಕಡೆ ಒಂದೇ ರಾತ್ರಿ ಸುರಿದರೆ ಕೆರೆ ಏರಿಯ ಮೇಲೆ ಕಣ್ಣಿಡಬೇಕಾಗುತ್ತದೆ. ಅದಕ್ಕೆ ನಾವು ಪ್ರತಿ ಹೋಬಳಿಗೂ ಅದರದೇ ಹಳೆಯ ದಾಖಲೆ ನೋಡಿ, ಅಲ್ಲಿಗೆ ಎಷ್ಟು ಮಳೆ ಅಪರೂಪ ಎಂದು ಬೇರೆಯಾಗಿ ಗುರುತು ಮಾಡಿಕೊಡುತ್ತೇವೆ. ರಜೆಯ ತೀರ್ಮಾನ ಆಗಬೇಕಾದದ್ದು ಹಿಂದಿನ ಸಂಜೆ. ಬೆಳಗ್ಗೆ ಎಂಟಕ್ಕೆ ಹೇಳಿದರೆ ಮಗು ಆಗಲೇ ಹಳ್ಳ ದಾಟುವ ಕಾಲುಸಂಕದ ಹತ್ತಿರ ಇರುತ್ತದೆ. ಆದ್ದರಿಂದ ಸಂಜೆ ಐದಕ್ಕೆ ಕೊಡುವ ಒರಟು ಅಂದಾಜು, ಬೆಳಗ್ಗೆ ಕೊಡುವ ನಿಖರ ಲೆಕ್ಕಕ್ಕಿಂತ ಎಷ್ಟೋ ಮೇಲು. ಇಲ್ಲಿ ಸುಮ್ನೆ ರಜೆ ಕೊಟ್ಟರೆ ಒಂದು ದಿನದ ಪಾಠ ಹೋಗುತ್ತದೆ. ಕೊಡದೇ ಇದ್ದರೆ ಏನಾಗಬಹುದು ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ತೀರ್ಮಾನ ಒಂದು ಕಡೆ, ಅದಕ್ಕೆ ಬೇಕಾದ ಮಳೆ ಇನ್ನೊಂದು ಕಡೆ ಇರುವುದೂ ಉಂಟು. 2019ರ ಆಗಸ್ಟ್‌ನಲ್ಲಿ ತುಂಗೆ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನುಗ್ಗಿತು. ಗಾಜನೂರಿನ ತುಂಗಾ ಅಣೆಕಟ್ಟು 3.24 ಟಿಎಂಸಿಯದು, ಚಿಕ್ಕದು. ಮಳೆಗಾಲದಲ್ಲಿ ಬೇಗ ತುಂಬುತ್ತದೆ, ಆಮೇಲೆ ಬಂದಷ್ಟು ನೀರನ್ನು ಹೊರಗೆ ಬಿಡಲೇಬೇಕು. ಹಾಗಾಗಿ ನಗರದಲ್ಲಿ ಮನೆ ಖಾಲಿ ಮಾಡಿಸುವವರು ನೋಡಬೇಕಾದದ್ದು ನಗರದ ಮಳೆಯನ್ನಲ್ಲ, ಶೃಂಗೇರಿ, ತೀರ್ಥಹಳ್ಳಿ ಕಡೆಯ ಮಳೆಯನ್ನು. ಇನ್ನು, ಇಷ್ಟು ಸಾವಿರ ಕ್ಯೂಸೆಕ್ (ಸೆಕೆಂಡಿಗೆ ಇಷ್ಟು ಘನ ಅಡಿ ನೀರು) ಎಂದರೆ ಹೊಳೆ ಪಕ್ಕದ ಮನೆಯವರಿಗೆ ಏನೂ ಹೊಳೆಯುವುದಿಲ್ಲ. ಶಿವಮೊಗ್ಗದಲ್ಲಿ ಹೊಳೆಯೊಳಗೇ ಒಂದು ಕಲ್ಲಿನ ಮಂಟಪವಿದೆ. 'ಮಂಟಪ ಮುಳುಗುವಷ್ಟು ನೀರು ಬರಬಹುದು' ಎಂದರೆ ಊರಿಗೆ ಊರೇ ಎದ್ದು ಕೂರುತ್ತದೆ. ಅಧಿಕಾರಿಗಳಿಗೆ ಕ್ಯೂಸೆಕ್, ಜನರಿಗೆ ಮಂಟಪ. ಎರಡನ್ನೂ ಅಕ್ಕಪಕ್ಕ ಬರೆಯುತ್ತೇವೆ.

ಬರದ ವಿಷಯದಲ್ಲಿ ಒಂದೇ ಮಾತು. 2023ರ ಆಗಸ್ಟ್, ದೇಶದ ಮಟ್ಟಿಗೆ 1901ರಿಂದ ಈಚೆಗೆ ಅತಿ ಒಣ ಆಗಸ್ಟ್. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಅದಕ್ಕೂ ಮುಂಚೆ ಜುಲೈನಲ್ಲಿ ಮಳೆ ಚೆನ್ನಾಗಿಯೇ ಆಗಿತ್ತು. ಋತುವಿನ ಒಟ್ಟು ಲೆಕ್ಕ ಹಿಡಿದರೆ ಜುಲೈನ ಮಳೆ ಆಗಸ್ಟಿನ ಬಿರುಕನ್ನು ಮುಚ್ಚಿಬಿಡುತ್ತದೆ, ನಾಟಿ ಮಾಡಿದ ಗದ್ದೆ ಮಾತ್ರ ಬಾಯಿ ಬಿಡುತ್ತದೆ. ಕೇಂದ್ರದ 2016ರ ಬರ ಕೈಪಿಡಿ ಸತತ ಮೂರು ನಾಲ್ಕು ವಾರ ಮಳೆ ಕೈಕೊಡುವುದನ್ನು ಬೇರೆಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ಇದಕ್ಕೇ. ತಾಲ್ಲೂಕು ಕಚೇರಿಗೆ ಕೊಡುವ ಟಿಪ್ಪಣಿಯಲ್ಲಿ ಒಟ್ಟು ಮಳೆಗಿಂತ ಮೇಲೆ ಮಳೆ ಇಲ್ಲದ ದಿನಗಳ ಸಾಲನ್ನು ಇಡಬೇಕು.

ಮೂವತ್ತು ನಲವತ್ತು ವರ್ಷ ಬಾಳಬೇಕಾದ ಮೋರಿ, ಸೇತುವೆ ಕಟ್ಟುವವರ ಪ್ರಶ್ನೆ ಬೇರೆ. '2050ಕ್ಕೆ ಮಳೆ ಎಷ್ಟಾಗುತ್ತದೆ ಹೇಳಿ' ಎನ್ನುತ್ತಾರೆ. ವರ್ಷದ ಒಟ್ಟು ಮಳೆಯ ಬಗ್ಗೆ ಹವಾಮಾನದ ಕಂಪ್ಯೂಟರ್ ಮಾದರಿಗಳು ಒಂದೇ ಮಾತು ಆಡುವುದಿಲ್ಲ. ಇವು ಭೂಮಿಯನ್ನು ಚೌಕಗಳಾಗಿ ಭಾಗ ಮಾಡಿ ಲೆಕ್ಕ ಹಾಕುತ್ತವೆ. ಜಾಗತಿಕ ಮಾದರಿಯ ಒಂದು ಚೌಕ ಸುಮಾರು ನೂರು ಕಿ.ಮೀ. ಅಗಲ. ಆಗುಂಬೆ, ಶಿವಮೊಗ್ಗ ಎರಡೂ ಒಂದೇ ಚೌಕದೊಳಗೆ ಬೀಳಬಹುದು, ಘಟ್ಟದ ಎತ್ತರ ಸಪಾಟಾಗಿಬಿಡುತ್ತದೆ. ದಿನದ ಮುನ್ಸೂಚನೆಗೆ 2025ರ ಮೇ ತಿಂಗಳಿನಿಂದ 6 ಕಿ.ಮೀ. ಚೌಕದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಬಂದಿದೆ, ಆದರೆ ಅದು ಹೇಳುವುದು ಮುಂದಿನ ಕೆಲವು ದಿನಗಳದ್ದು, ದಶಕಗಳದ್ದಲ್ಲ. ಹಾಗೆಂದು ಕೈ ಚೆಲ್ಲಬೇಕಿಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿಯಬಲ್ಲ ತೇವ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಸ್ವಲ್ಪ ಹೊತ್ತಿನಲ್ಲಿ ಸುರಿಯುವ ಜೋರು ಮಳೆ ಹೆಚ್ಚುತ್ತದೆ ಎನ್ನಲು ಇದು ಗಟ್ಟಿ ಆಧಾರ. ಮೋರಿ ಕೊಚ್ಚಿಕೊಂಡು ಹೋಗುವುದೂ ವರ್ಷದ ಒಟ್ಟು ಮಳೆಯಿಂದಲ್ಲ, ಒಂದೆರಡು ಗಂಟೆಯ ಮಳೆಯಿಂದ. ಅದಕ್ಕೆ ನಾವು ಎಂಜಿನಿಯರುಗಳಿಗೆ ಒಂದು ಅಂಕಿ ಕೊಡುವುದಿಲ್ಲ. ಆ ಜಾಗದಲ್ಲಿ 25 ವರ್ಷಕ್ಕೊಮ್ಮೆ, 50 ವರ್ಷಕ್ಕೊಮ್ಮೆ ಬರುವಂಥ ಮಳೆಯ ಅಂದಾಜು, ಕೆಳಗಿನ ಮಿತಿ, ಮೇಲಿನ ಮಿತಿ ಮೂರನ್ನೂ ಕೊಡುತ್ತೇವೆ. ಪೈಪ್ ಒಂದು ಅಳತೆ ದೊಡ್ಡದು ಹಾಕಿದರೆ ಎಷ್ಟು ಖರ್ಚು, ಮೋರಿ ಹೋದರೆ ಎಷ್ಟು ಊರಿಗೆ ದಾರಿ ಇಲ್ಲ ಎನ್ನುವುದನ್ನು ಅವರು ತೂಗಿ ನೋಡುತ್ತಾರೆ.

ಈ ಅಂದಾಜುಗಳಿಗೆಲ್ಲ ಹಳೆಯ ದಾಖಲೆ ಬೇಕು. ಹೋಬಳಿ ಮಟ್ಟಕ್ಕಿಂತ ಕೆಳಗೆ ಅದು ಉಳಿದಿರುವುದು ಬಹುಪಾಲು ಮನೆಗಳಲ್ಲಿ. ಮಲೆನಾಡಿನ ಎಷ್ಟೋ ತೋಟದ ಮನೆಗಳಲ್ಲಿ ಅಜ್ಜನ ಕಾಲದಿಂದ ದಿನವೂ ಮಳೆ ಅಳೆದು ಡೈರಿಯಲ್ಲಿ ಇಂಚಿನ ಲೆಕ್ಕ ಬರೆದಿಟ್ಟಿದ್ದಾರೆ. ಒಂದೇ ತೊಡಕು, ತಾರೀಖಿನದು. ಸರ್ಕಾರಿ ಲೆಕ್ಕ ಬೆಳಗ್ಗೆ 8:30ಕ್ಕೆ. ಹಿಂದಿನ 24 ಗಂಟೆಯ ಮಳೆಯನ್ನು ಅಳೆದ ದಿನದ ತಾರೀಖಿಗೆ ಹಾಕುತ್ತಾರೆ. ಮನೆಯವರು ಬೆಳಗ್ಗೆ ಅಳೆದು 'ನಿನ್ನೆಯ ಮಳೆ' ಎಂದು ಹಿಂದಿನ ದಿನದ ಪುಟದಲ್ಲಿ ಬರೆದಿರುತ್ತಾರೆ. ಎರಡನ್ನೂ ಹಾಗೇ ಪಕ್ಕದಲ್ಲಿಟ್ಟರೆ ಒಂದು ದಿನ ಆಚೀಚೆ ಆಗಿ, ಒಳ್ಳೆಯ ದಾಖಲೆಯೂ ತಪ್ಪು ಅನಿಸಿಬಿಡುತ್ತದೆ. ಒಂದು ದಿನ ಸರಿಸಿ ನೋಡಿದರೆ ಎರಡೂ ಹೊಂದಿಕೊಳ್ಳುತ್ತವೆ.

ನಿಮ್ಮ ಮನೆಯಲ್ಲಿ ಇಂಥ ಡೈರಿ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಗೆದ್ದಲು ಹಿಡಿಯುವ ಮುಂಚೆ ಎಲ್ಲ ಪುಟಗಳ ಫೋಟೋ ತೆಗೆದಿಡಿ. ಮನೆಯ ಹಿರಿಯರನ್ನು ಕೇಳಿ, ಎಷ್ಟು ಹೊತ್ತಿಗೆ ಅಳೆಯುತ್ತಿದ್ದರು, ಮಾಪಕ ಅಂಗಳದ ಯಾವ ಮೂಲೆಯಲ್ಲಿತ್ತು, ಯಾವ ವರ್ಷ ಜಾಗ ಬದಲಾಯಿತು, ಊರಿಗೆ ಹೋದಾಗ ಯಾರು ಬರೆಯುತ್ತಿದ್ದರು ಅಂತ ಮೊದಲ ಪುಟದಲ್ಲೇ ಬರೆದಿಡಿ. ಇಷ್ಟು ಗೊತ್ತಾದರೆ ನಿಮ್ಮೂರಿನ ಮುಂದಿನ ಮೋರಿಯ ಲೆಕ್ಕಕ್ಕೆ ಆ ಡೈರಿಯನ್ನು ಬಳಸಿಕೊಳ್ಳಬಹುದು.