ವಿಭಜಕದಲ್ಲಿ ಕಣಗಿಲೆ ನೆಟ್ಟವರು

ರಸ್ತೆ ಬದಿ ಗಿಡ ನೆಡಿಸುವ ಮೇಲ್ವಿಚಾರಣೆ ನನ್ನ ಕೆಲಸ. ಸಮುದಾಯ ಸೇವೆಯ ಶಿಕ್ಷೆಯಾದವರ ಗುಂಪೊಂದನ್ನು ಮೊದಲ ಸಲ ನನಗೆ ಒಪ್ಪಿಸಿದ ದಿನ, ಅವರ ಹಿಂದೆಯೇ ಮೊಬೈಲ್ ಹಿಡಿದ ನಾಲ್ಕಾರು ಜನ ಬಂದಿದ್ದರು. ಫೋಟೋ ಬೇಡ ಎಂದು ಅವರನ್ನು ವಾಪಸ್ ಕಳಿಸಿದೆ. ನ್ಯಾಯಾಲಯ ವಿಧಿಸಿದ್ದು ಕೂಲಿಯಿಲ್ಲದ ದುಡಿಮೆ. ಅವಮಾನ ಆ ಆದೇಶದಲ್ಲಿ ಇರಲಿಲ್ಲ.

ಇನ್ನು ದುಡಿಮೆ ಮಾತ್ರ ಹಗುರದ್ದಲ್ಲ. ರಸ್ತೆಯ ನಡುವಿನ ವಿಭಜಕದಲ್ಲಿ ರೋಲರ್ ಓಡಾಡಿ ಮಣ್ಣು ಕಲ್ಲಾಗಿರುತ್ತದೆ. ಒಳಗೆ ಜಲ್ಲಿ, ಡಾಂಬರಿನ ಉಂಡೆ, ರಸ್ತೆ ಮಾಡಿದವರು ಚೆಲ್ಲಿಹೋದ ಕಾಂಕ್ರೀಟ್. ಒಬ್ಬ ಹುಡುಗ ಬೆವರು ಒರೆಸಿಕೊಂಡು, "ಸರ್, ಹಾರೆ ಇಳೀತಾನೇ ಇಲ್ಲ. ಇಷ್ಟಕ್ಕೇ ನೆಟ್ಟುಬಿಡ್ಲಾ?" ಎಂದ. ಗುಂಡಿಗೆ ಒಂದು ಬಕೆಟ್ ನೀರು ಹೊಯ್ಯಲು ಹೇಳಿದೆ. ಪಕ್ಕದ ಗುಂಡಿ ಮುಗಿದರೂ ನೀರು ಹಾಗೇ ನಿಂತಿತ್ತು. "ನೀರೇ ಇಳೀದ ಕಡೆ ಬೇರು ಹೇಗಪ್ಪ ಇಳಿಯುತ್ತೆ?" ಅಂದೆ. ಮರುಮಾತಾಡದೆ ನೀರು ಮೊಗೆದು ಹಾಕಿ, ಮತ್ತೆ ಹಾರೆ ಎತ್ತಿಕೊಂಡ. ತಳದಲ್ಲಿದ್ದ ಕಾಂಕ್ರೀಟ್ ಚಪ್ಪಡಿಯನ್ನು ಒಡೆದು ತೆಗೆದಾಗ ಕೆಳಗೆ ಒಳ್ಳೆಯ ಮಣ್ಣು ಸಿಕ್ಕಿತು.

ಪಾಲಿಥಿನ್ ಚೀಲ ಹರಿದು, ಒಳಗೆ ಸುತ್ತಿಕೊಂಡಿದ್ದ ಬೇರುಗಳನ್ನು ಬಿಡಿಸಿ, ಕಾಂಡದ ಬುಡ ನೆಲಮಟ್ಟಕ್ಕೆ ಬರುವಂತೆ ಕೂರಿಸುವುದನ್ನು ತೋರಿಸಿದೆ. ನಮ್ಮದು ಕಣಗಿಲೆ. ಹೊಗೆ, ಬಿಸಿಲು, ನೀರಿನ ಕೊರತೆ ಎಲ್ಲವನ್ನೂ ತಡೆಯುತ್ತದೆ, ದನ ಮುಟ್ಟುವುದಿಲ್ಲ. ರಾತ್ರಿ ಎದುರಿನ ಹೆಡ್‌ಲೈಟ್ ಕಣ್ಣಿಗೆ ಹೊಡೆಯದಂತೆ ಮರೆಯಾಗುತ್ತದೆ. ಗಿಡವೆಲ್ಲ ವಿಷ, ಹಾಗಾಗಿ ಕೈಗವಸು ಕಡ್ಡಾಯ, ಊಟಕ್ಕೆ ಮುಂಚೆ ಕೈ ತೊಳೆಯಲೇಬೇಕು. ಜಂಕ್ಷನ್ ಹತ್ತಿರ ಮಾತ್ರ ಅದನ್ನು ನೆಡಿಸಲಿಲ್ಲ. ರಸ್ತೆ ದಾಟಲು ನಿಂತ ಮಗು ಚಾಲಕನಿಗೆ ಕಾಣಬೇಕಲ್ಲ. "ಹಾಗಾದ್ರೆ ಇದು ಬರೀ ಚೆಂದಕ್ಕಲ್ಲ" ಎಂದ ಹುಡುಗ. ಅಲ್ಲಿಂದ ಮುಂದೆ ಗಿಡಗಳ ಅಂತರವನ್ನು ಅವನೇ ಅಳೆಯತೊಡಗಿದ.

ಇಂಗ್ಲೆಂಡಿನಲ್ಲಿ 1972ರ ಕಾಯಿದೆಯಿಂದಲೇ ಇಂಥ ಶಿಕ್ಷೆಗೆ ದಾರಿಯಾಗಿತ್ತು. ನಮ್ಮಲ್ಲಿ ಇದು ಶಿಕ್ಷೆಗಳ ಪಟ್ಟಿಗೆ ಸೇರಿದ್ದು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ. ಕುಡಿದು ಸಾರ್ವಜನಿಕವಾಗಿ ಗಲಾಟೆ ಮಾಡಿದವರಿಗೆ ಇದನ್ನು ವಿಧಿಸಬಹುದು. ಮೊದಲ ಸಲ 5,000 ರೂಪಾಯಿಗಿಂತ ಕಡಿಮೆ ಬೆಲೆಯದನ್ನು ಕದ್ದು ಸಿಕ್ಕಿಬಿದ್ದು, ಅದನ್ನು ಹಿಂತಿರುಗಿಸಿದವರಿಗೂ ಇದೇ ಶಿಕ್ಷೆ. ಕೆಲಸ ಯಾವುದಿರಬೇಕು ಎಂದು ಸಂಹಿತೆ ಪಟ್ಟಿ ಮಾಡಿಲ್ಲ. ಅದಕ್ಕೇ ನನ್ನ ಕಳಕಳಿ. ಒಂದೇ ದಿನ ಗುಂಡಿ ತೋಡಿಸಿ ಲೆಕ್ಕ ಮುಗಿಸಿದರೆ ಗಿಡ ಉಳಿಯುವುದಿಲ್ಲ, ತನ್ನ ಬೆವರು ಏನಾಯಿತೆಂದು ತೋಡಿದವನಿಗೂ ತಿಳಿಯುವುದಿಲ್ಲ. ಗಂಟೆಗಳನ್ನು ವಾರವಾರಕ್ಕೆ ಹಂಚಿ, ನೆಟ್ಟವರೇ ನೀರುಣಿಸಲು ಬರುವ ಹಾಗೆ ಆದೇಶ ಬರೆಯಲಿ.

ಉಳಿದ ಗಂಟೆಗಳನ್ನು ನೀರು ಹಾಕುವುದಕ್ಕೆ ಇಟ್ಟುಕೊಳ್ಳುತ್ತೇನೆಂದು ಸಂಬಂಧಪಟ್ಟ ಅಧಿಕಾರಿಯನ್ನು ಕೇಳಿದೆ, ಒಪ್ಪಿದರು. ಮುಂದಿನ ವಾರ ಹುಡುಗ ಬಂದಾಗ ಅವನ ಸಾಲಿನಲ್ಲಿ ಒಂದು ಗಿಡ ಬಾಡಿತ್ತು. ಪಾತಿಯ ಇಳಿಜಾರಿನ ಬದಿ ಒಡೆದು ನೀರೆಲ್ಲ ರಸ್ತೆಗೆ ಹರಿದುಹೋಗಿತ್ತು. ನಾನು ಹೇಳುವ ಮುಂಚೆಯೇ ಸಲಿಕೆ ತಂದು ಆ ಬದಿಗೆ ಮಣ್ಣೇರಿಸಿ ಕಟ್ಟೆ ಕಟ್ಟಿದ.