ಗೊರಟಿನ ಮರ, ಕಸಿ ಮರ

ಮಳೆ ಹಿಡಿಯುವ ಹೊತ್ತಿಗೆ ಶಿರಸಿ ಕಡೆಯ ಮಾವನ ಮನೆಯಲ್ಲಿ ಉಪ್ಪಿನಕಾಯಿಯ ಮಾವು ಅಪ್ಪೆಮಿಡಿಗೆ ಕಸಿ ಕಟ್ಟುವ ಕೆಲಸ ಶುರುವಾಗುತ್ತದೆ. ಈ ಸಲ ನಾನೂ ಜಗಲಿಯಲ್ಲಿ ಪಕ್ಕಕ್ಕೆ ಕೂತೆ. ಪ್ಲಾಸ್ಟಿಕ್ ಪಟ್ಟಿ ಕತ್ತರಿಸಿ ಕೊಡುವುದಷ್ಟೇ ನನ್ನ ಪಾಲಿನ ಕೆಲಸ.

ಮಾವ ಕಾಟು ಮಾವಿನ ಗೊರಟಿನಿಂದ ಎದ್ದ ಸಸಿಯ ತಲೆ ಕತ್ತರಿಸಿ, ಕಾಂಡವನ್ನು ನಡುವೆ ಸೀಳಿದರು. ಜೀರಿಗೆ ಅಪ್ಪೆಯ ಮರದಿಂದ ತಂದ ಪೆನ್ಸಿಲ್ ದಪ್ಪದ ಕುಡಿಯ ಬುಡವನ್ನು ಎರಡೂ ಕಡೆ ಹೆರೆದು, ಸೀಳಿನೊಳಗೆ ಕೂರಿಸಿ ಬಿಗಿಯಾಗಿ ಸುತ್ತಿದರು. ಸಿಪ್ಪೆಗೆ ಸಿಪ್ಪೆ ತಾಗಬೇಕು, ಇಲ್ಲದಿದ್ದರೆ ಕುಡಿ ಒಣಗುತ್ತದೆ.

"ಅದೇ ಮರದ ಗೊರಟು ನೆಟ್ಟರೆ ಆಗಲ್ವಾ ಮಾವ? ಇಷ್ಟೆಲ್ಲ ಯಾಕೆ?"

ಮಾವ ಅಂಗಳದಾಚೆಯ ಮರ ತೋರಿಸಿದರು. ಅದು ಜೀರಿಗೆ ಅಪ್ಪೆಯ ಗೊರಟಿನಿಂದಲೇ ಎದ್ದದ್ದು. ಆದರೆ ತೊಟ್ಟು ಮುರಿದರೆ ಸೊನೆಗೆ ಜೀರಿಗೆ ಘಮವಿಲ್ಲ. ಉಪ್ಪಿಗೆ ಹಾಕಿದ ಮಿಡಿ ಬೇಗ ಮೆತ್ತಗಾಗುತ್ತದೆ. ಹಾಗಂತ ಕಡಿಯಲೂ ಮನಸ್ಸಿಲ್ಲ. ಮೋಡಕ್ಕೆ ಬೇರೆ ಮರಗಳ ಹೂ ಕರಟಿದ ವರ್ಷವೂ ಇದು ಮಿಡಿ ಬಿಡುತ್ತದಂತೆ.

ಮಾವಿನ ಹೂವಿಗೆ ನೊಣ, ಸಣ್ಣ ಕೀಟಗಳು ಎಲ್ಲೆಲ್ಲಿಂದಲೋ ಪರಾಗ ತರುತ್ತವೆ. ತಾಯಿ ಯಾರೆಂದು ಗೊತ್ತು, ತಂದೆ ಯಾರೋ! ಇಬ್ಬರ ಗುಣವೂ ಕಲಸಿ ಬರುವುದರಿಂದ ಒಂದೇ ಮರದ ಗೊರಟುಗಳು ಒಂದೊಂದು ತರ. ಕರಾವಳಿಯ ಒಲೂರು, ಬಪ್ಪಕಾಯಿಯಂಥ ಕೆಲವು ಮಾವುಗಳ ಕತೆ ಬೇರೆ. ಅಲ್ಲಿ ಒಂದೇ ಗೊರಟಿನಿಂದ ಹಲವು ಸಸಿ ಏಳುತ್ತವೆ, ಹೆಚ್ಚಿನವು ತಾಯಿಯ ಪಡಿಯಚ್ಚು. ಕಸಿಯೂ ಅಷ್ಟೇ, ಕುಡಿ ಕೊಟ್ಟ ಮರವೇ ಮತ್ತೊಮ್ಮೆ ಬೆಳೆದಂತೆ.

ಪಡಿಯಚ್ಚಿನಲ್ಲಿ ರುಚಿ ಉಳಿಯುತ್ತದೆ, ಕುಂದೂ ಉಳಿಯುತ್ತದೆ. ನಂಜನಗೂಡು ರಸಬಾಳೆ ನೋಡಿ. ಕಂದಿನಿಂದ ಕಂದಿಗೆ ಬಂದ ಬೆಳೆ. ಪನಾಮಾ ಸೊರಗು ರೋಗ ಮಣ್ಣಿಗೆ ಬಿದ್ದಾಗ ತೋಟಕ್ಕೆ ತೋಟವೇ ಮಲಗಿತು. ತಡೆದು ನಿಲ್ಲುವ ಒಂದು ಬೇರೆ ತರದ ಗಿಡ ಸಾಲಿನಲ್ಲಿ ಇರಲಿಲ್ಲ.

ನಾವು ಹೊಗಳುವ ಅಪ್ಪೆಗಳೂ ಮೊದಲು ಅಘನಾಶಿನಿ, ಶರಾವತಿ ದಂಡೆಯಲ್ಲಿ ತಾವಾಗಿ ಹುಟ್ಟಿದ ಗೊರಟಿನ ಮರಗಳೇ. ಈಗ ಮಿಡಿಗಾಗಿ ಅಲ್ಲಿ ಕೊಂಬೆ ಕೊಂಬೆಯನ್ನೇ ಕಡಿಯುತ್ತಾರೆ. ಇದು ನನಗೆ ಕಸಿಗಿಂತ ಜಾಸ್ತಿ ಚಿಂತೆಯ ವಿಷಯ.

ಕಸಿ ಹಿಡಿಯದೆ ಬುಡದಿಂದ ಚಿಗುರಿದ ಸಸಿಗಳನ್ನು ಮಾವ ಎಸೆಯುವುದಿಲ್ಲ, ಹಳ್ಳದ ಅಂಚಿಗೆ ನೆಡುತ್ತಾರೆ. "ಎಂಥ ಮಿಡಿ ಬರ್ತದೋ" ಅಂದೆ.

"ಎಂಥದೇ ಬರಲಿ, ಅಪ್ಪೆಹುಳಿಗಂತೂ ಆಗ್ತದಲ್ಲ" ಅಂದರು ಒಳಗಿಂದ ಅತ್ತೆ.