ಡಿಸ್ಕೇ ಇಲ್ಲ ಅಂದ ಸರ್ವರ್

2022ರ ಆಗಸ್ಟ್‌ನ ಒಂದು ಶನಿವಾರ, ರಾತ್ರಿ ಹನ್ನೊಂದು ಗಂಟೆ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ತೊಡೆ ಮೇಲೆ ಕೀಬೋರ್ಡ್ ಇಟ್ಟುಕೊಂಡು ಕೂತಿದ್ದೆ. ಎದುರಿಗೆ ಲಿನಕ್ಸ್ ಇನ್‌ಸ್ಟಾಲರ್. ಅದು ಹೇಳುತ್ತಿದ್ದದ್ದು ಒಂದೇ ಮಾತು, ಈ ಮಷೀನಿನಲ್ಲಿ ಡಿಸ್ಕೇ ಇಲ್ಲ. ಒಳಗೆ ಎರಡು ಡಿಸ್ಕ್ ಗುಂಯ್ ಅಂತ ತಿರುಗುತ್ತಿದ್ದದ್ದು ನನ್ನ ಕಿವಿಗೇ ಕೇಳಿಸುತ್ತಿತ್ತು.

ಸಣ್ಣ ಆಫೀಸುಗಳ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಈ ಮಷೀನು 2008ರದ್ದು. ಜಿಯಾನ್ ಇ5405 ಪ್ರೊಸೆಸರ್, ಡಿಸ್ಕ್‌ಗಳನ್ನು ಜೋಡಿಸಲು ಎಲ್‌ಎಸ್‌ಐ 1068ಇ ಚಿಪ್ ಇರುವ ಸ್ಯಾಸ್ ಕಾರ್ಡ್, ಒಂದರದ್ದೇ ನಕಲು ಇನ್ನೊಂದರಲ್ಲಿರುವಂತೆ ಮಿರರ್ ಮಾಡಿದ ಎರಡು ಡಿಸ್ಕ್. ಅದರ ಮೇಲೆ ಸೆಂಟ್‌ಒಎಸ್ 6 ಅನ್ನುವ ಲಿನಕ್ಸ್. ಅದರ ಕರ್ನಲ್, ಅಂದರೆ ಹಾರ್ಡ್‌ವೇರ್ ನೋಡಿಕೊಳ್ಳುವ ತಿರುಳು, 2.6.32. ಬಿಲ್ಲಿಂಗ್, ಸ್ಟೋರ್ಸ್ ಎರಡೂ ಅದರಲ್ಲೇ. ಸೆಂಟ್‌ಒಎಸ್ 6ಕ್ಕೆ ಅಪ್‌ಡೇಟ್ ನಿಂತಿದ್ದು 2020ರ ನವೆಂಬರ್ 30ಕ್ಕೆ. ಅದಾಗಿ ಎರಡು ವರ್ಷವಾಗುತ್ತಾ ಬಂದಿತ್ತು. ಕಾರ್ಖಾನೆಯ ದೊಡ್ಡ ಗಿರಾಕಿಯೊಬ್ಬರು ಸೆಕ್ಯುರಿಟಿ ಆಡಿಟ್ ಮಾಡಿಸಿ, ಇದು ಬದಲಾಗುವ ತನಕ ನಮ್ಮ ಆರ್ಡರ್ ಫೈಲುಗಳನ್ನು ಈ ಮಷೀನಿಗೆ ಕಳಿಸಲ್ಲ ಅಂದುಬಿಟ್ಟರು.

ಹೊಸ ಸರ್ವರ್ ತಗೊಳ್ಳೋಣ ಸರ್ ಅಂದೆ. "ಓಡ್ತಾ ಇದೆಯಲ್ಲಪ್ಪಾ. ಸಾಫ್ಟ್‌ವೇರ್ ತಾನೇ ಹಳೇದು? ಅದನ್ನ ಹೊಸದು ಹಾಕು" ಅಂದರು ಓನರ್. ನಾನೂ ಸರಿ ಅಂದೆ. ಎರಡು ಗಂಟೆ ಕೆಲಸ ಅಂತ ಬೇರೆ ಹೇಳಿದ್ದೆ.

ಮೊದಲು ಹಾಕಲು ಹೋಗಿದ್ದು ಸೆಂಟ್‌ಒಎಸ್ ಥರದ್ದೇ ಇನ್ನೊಂದು ಲಿನಕ್ಸ್, ಆಲ್ಮಾಲಿನಕ್ಸ್ 9. ಆಗ ತಾನೇ ಮೇ ತಿಂಗಳಲ್ಲಿ ಬಂದಿತ್ತು, ಕರ್ನಲ್ 5.14. ಪೆನ್‌ಡ್ರೈವ್‌ನಿಂದ ಬೂಟ್ ಆಯಿತು, ಸಾಲುಗಳು ಸರಸರ ಓಡಿದವು, ಕೊನೆಗೆ ಕರ್ನಲ್ ಪ್ಯಾನಿಕ್, ಅಂದರೆ ಕರ್ನಲ್ಲೇ ಕೈಚೆಲ್ಲಿ ನಿಂತುಬಿಟ್ಟಿತು. ಕರ್ನಲ್ ಹೊಸದಾಯಿತು, ಮಷೀನು ಹಳೇದಾಯಿತು ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಮೊಬೈಲಲ್ಲಿ ತೆಗೆದ ಫೋಟೋ ದೊಡ್ಡದು ಮಾಡಿ ನೋಡಿದಾಗ, ಪ್ಯಾನಿಕ್‌ಗಿಂತ ಮೇಲೆ ಇನ್ನೊಂದು ಸಾಲು ಕಂಡಿತು. ಅದು ಕರ್ನಲ್‌ದಲ್ಲ, ಬೇರೆ ಪ್ರೋಗ್ರಾಂಗಳೆಲ್ಲ ನೆಚ್ಚಿಕೊಂಡಿರುವ ಜಿಲಿಬ್‌ಸಿ ಅನ್ನುವ ಲೈಬ್ರರಿಯದು. ಈ ಸಿಪಿಯುನಲ್ಲಿ ಎಕ್ಸ್86-64-ವಿ2 ಇಲ್ಲ ಅನ್ನುತ್ತಿತ್ತು.

ವಿ2 ಅನ್ನುವುದು ಸಿಪಿಯುಗೆ ಗೊತ್ತಿರಬೇಕಾದ ಆದೇಶಗಳ ಒಂದು ಮಟ್ಟ, ಎಸ್‌ಎಸ್‌ಇ 4.2 ಅದರಲ್ಲಿ ಸೇರಿದೆ. ಆವೃತ್ತಿ 9ರ ಪ್ರೋಗ್ರಾಂಗಳನ್ನೆಲ್ಲ ಅದು ಇರುವ ಸಿಪಿಯುಗೆ ಅಂತಲೇ ಕಂಪೈಲ್ ಮಾಡಿರುತ್ತಾರೆ. ಇಂಟೆಲ್‌ನಲ್ಲಿ ಅದು ಬಂದಿದ್ದು ನೆಹಲೆಮ್ ತಲೆಮಾರಿನಿಂದ. ನಮ್ಮ ಇ5405 ಅದಕ್ಕಿಂತ ಒಂದು ತಲೆಮಾರು ಹಿಂದಿನದು, ಅದರಲ್ಲಿ ಇರುವುದು 4.1. ಪಾಪ, ಕರ್ನಲ್ ಏನೂ ತಕರಾರು ಮಾಡದೆ ಎದ್ದಿತ್ತು. ಅದು ಶುರು ಮಾಡಿದ ಮೊದಲ ಪ್ರೋಗ್ರಾಂ, ಅಂದರೆ ಇನಿಟ್, ಈ ಸಿಪಿಯು ಮೇಲೆ ನಾನು ಓಡಲ್ಲ ಅಂತ ಸತ್ತಿತು. ಇನಿಟ್ ಸತ್ತರೆ ಕರ್ನಲ್‌ಗೆ ಪ್ಯಾನಿಕ್ ಆಗದೆ ಬೇರೆ ದಾರಿಯಿಲ್ಲ. ತಪ್ಪು ಮಾತ್ರ ಕರ್ನಲ್ ಹೆಸರಿಗೆ ಬರುತ್ತದೆ.

ಸರಿ, 9 ಬೇಡ, 8 ಹಾಕೋಣ ಅಂತ ಹೊರಟೆ. ಕರ್ನಲ್ 4.18. ಸಿಪಿಯು ತಕರಾರು ಇಲ್ಲ. ಇನ್‌ಸ್ಟಾಲರ್ ಚೆಂದವಾಗಿ ತೆರೆದುಕೊಂಡಿತು. ಡಿಸ್ಕ್ ಇಲ್ಲ ಅಂದಿತು.

ಇಲ್ಲಿ ನಾನು ಮಾಡಿದ್ದನ್ನು ಹೇಳಿಕೊಳ್ಳಲು ನಾಚಿಕೆ. ಮಷೀನಿನ ಮುಚ್ಚಳ ಬಿಚ್ಚಿದೆ. ಕೇಬಲ್ ಕಿತ್ತು ಮತ್ತೆ ಹಾಕಿದೆ. ಕಾರ್ಡ್ ತೆಗೆದು, ಧೂಳು ಊದಿ, ಮತ್ತೆ ಕೂರಿಸಿದೆ. ಒಂದು ಗಂಟೆ ಹೋಯಿತು. ಪೆನ್‌ಡ್ರೈವ್ ತೆಗೆದು ಸುಮ್ನೆ ರೀಬೂಟ್ ಮಾಡಿದ್ದರೆ ಹಳೇ ಸೆಂಟ್‌ಒಎಸ್ ಅದೇ ಡಿಸ್ಕಿನಿಂದ ಆರಾಮಾಗಿ ಏಳುತ್ತಿತ್ತು. ಆಮೇಲೆ ಹಾಗೇ ಎದ್ದಿತು ಕೂಡ. ಡಿಸ್ಕ್ ಚೆನ್ನಾಗಿದೆ ಅಂತ ತಿಳಿಯಲು ಸ್ಕ್ರೂಡ್ರೈವರ್ ಬೇಕಿರಲಿಲ್ಲ.

ಬ್ಯಾಗಿನಲ್ಲಿ ಡೆಬಿಯನ್ 11 ಅನ್ನುವ ಇನ್ನೊಂದು ಲಿನಕ್ಸ್‌ನ ಲೈವ್ ಪೆನ್‌ಡ್ರೈವ್, ಅಂದರೆ ಇನ್‌ಸ್ಟಾಲ್ ಮಾಡದೆಯೇ ಓಡುವಂಥದ್ದು, ಯಾವಾಗಲೂ ಇರುತ್ತದೆ. ಅದರ ಕರ್ನಲ್ 5.10. ಹಾಕಿದೆ. ಡಿಸ್ಕ್ ಕಂಡಿತು! 4.18ಕ್ಕೆ ಕಾಣದ್ದು ಅದಕ್ಕಿಂತ ಹೊಸದಾದ 5.10ಕ್ಕೆ ಕಂಡಿತು ಅಂದರೆ, ಹೊಸ ಕರ್ನಲ್‌ಗೆ ಹಳೇ ಮಷೀನು ಆಗಲ್ಲ ಅನ್ನುವ ನನ್ನ ಲೆಕ್ಕವೇ ತಪ್ಪು ಅಲ್ವಾ?

ಒಳಗಿನ ಕಾರ್ಡುಗಳ ಪಟ್ಟಿ ಕೊಡುವ ಎಲ್‌ಎಸ್‌ಪಿಸಿಐ ಕಮಾಂಡ್ ಕೊಟ್ಟು ನೋಡಿದೆ. ಕಾರ್ಡಿನ ಐಡಿ 1000:0058, ಬಳಸುತ್ತಿರುವ ಡ್ರೈವರ್ ಎಂಪಿಟಿಸ್ಯಾಸ್. ಮತ್ತೆ 8ರ ಇನ್‌ಸ್ಟಾಲರ್‌ಗೆ ಬಂದು, ಎರಡನೇ ಕನ್ಸೋಲಿನಲ್ಲಿ ಅದೇ ಡ್ರೈವರ್ ಲೋಡ್ ಮಾಡಲು ಹೋದೆ. ಅಂಥ ಮಾಡ್ಯೂಲ್ ಇಲ್ಲ ಅಂತ ಉತ್ತರ. ವಿಷಯ ಇಷ್ಟೇ. ರೆಡ್ ಹ್ಯಾಟ್ ಕಂಪನಿ ತನ್ನ ಲಿನಕ್ಸ್‌ನ ಆವೃತ್ತಿ 8ರಲ್ಲಿ ಹಳೇ ಕಾರ್ಡುಗಳ ಒಂದಷ್ಟು ಡ್ರೈವರ್‌ಗಳನ್ನು ಕೈಬಿಟ್ಟಿತು. ಅದನ್ನೇ ಮತ್ತೆ ಕಟ್ಟಿ ಕೊಡುವ ಆಲ್ಮಾದಲ್ಲೂ ಅವು ಇರಲಿಲ್ಲ. ಮೂಲ ಲಿನಕ್ಸ್ ಕರ್ನಲ್‌ನಲ್ಲಿ ಮಾತ್ರ ಎಂಪಿಟಿಸ್ಯಾಸ್ ಹಾಗೇ ಇತ್ತು, ಡೆಬಿಯನ್‌ನವರು ಅದನ್ನು ಸೇರಿಸಿಯೇ ಕೊಡುತ್ತಿದ್ದರು. ಒಂದೇ ಹುಳಿ, ಆದರೆ ಯಾರ ಮನೆಯಲ್ಲಿ ಯಾವ ತರಕಾರಿ ಹಾಕಿದ್ದಾರೆ ಅಂತ ಕೇಳಬೇಕಿತ್ತು. ನಾನು ನೋಡುತ್ತಿದ್ದದ್ದು ಬರೀ ನಂಬರ್.

ಹಾಗಾದರೆ ಡೆಬಿಯನ್ನೇ ಹಾಕಬಹುದಿತ್ತಲ್ಲ ಅನ್ನಬಹುದು. ಬಿಲ್ಲಿಂಗ್ ಸಾಫ್ಟ್‌ವೇರ್‌ನವರು ರೆಡ್ ಹ್ಯಾಟ್ ಬಳಗದ ಲಿನಕ್ಸ್‌ಗಳ ಪ್ಯಾಕೇಜ್ ಆದ ಆರ್‌ಪಿಎಂ ಮಾತ್ರ ಕೊಡುತ್ತಾರೆ. ಅಲ್ಲಿಗೆ ಮುಗಿಯಿತು.

ಇಎಲ್‌ರೆಪೊ ಅಂತ ಒಂದು ಗುಂಪು ಇದೆ. ಹೀಗೆ ಕೈಬಿಟ್ಟ ಡ್ರೈವರ್‌ಗಳನ್ನು ಕಟ್ಟಿ, ಇನ್‌ಸ್ಟಾಲ್ ಮಾಡುವಾಗಲೇ ಸೇರಿಸಲು ಡ್ರೈವರ್ ಡಿಸ್ಕ್ ಮಾಡಿ ಕೊಡುತ್ತಾರೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಅದನ್ನು ಇಳಿಸಿಕೊಂಡು, ಇನ್ನೊಂದು ಪೆನ್‌ಡ್ರೈವ್‌ಗೆ ಹಾಕಿ, ಬೂಟ್ ಸಾಲಿನ ಕೊನೆಗೆ ಇನ್‌ಸ್ಟ್ ಡಾಟ್ ಡಿಡಿ ಅಂತ ಸೇರಿಸಿದೆ. ಡಿಸ್ಕ್ ಬಂತು. ಎರಡೂವರೆಗೆ ವಾಚ್‌ಮನ್ ಫ್ಲಾಸ್ಕಿನಿಂದ ಟೀ ಕೊಟ್ಟರು. ಸೋಮವಾರ ಬಿಲ್ ಬಂತು, ಎಲ್ಲರೂ ಖುಷಿ.

ನಿಜವಾದ ಪೆಟ್ಟು ಬಿದ್ದಿದ್ದು ಆಮೇಲೆ. ನವೆಂಬರ್‌ನಲ್ಲಿ 8.7 ಬಂತು. ಆ ಸರ್ವರ್‌ಗೆ ನೇರ ಇಂಟರ್ನೆಟ್ ಇಲ್ಲ. ಆಫೀಸಿನಲ್ಲಿ ನಾನೇ ಇಟ್ಟ ಮಿರರ್‌ನಿಂದ, ಅಂದರೆ ಪ್ಯಾಕೇಜುಗಳ ನಕಲು ಸಂಗ್ರಹದಿಂದ, ಅಪ್‌ಡೇಟ್ ಹೋಗುತ್ತದೆ. ಅದರಲ್ಲಿ ಆಲ್ಮಾದ ಪ್ಯಾಕೇಜ್ ಇತ್ತು, ಇಎಲ್‌ರೆಪೊ ಇರಲಿಲ್ಲ. ಸೇರಿಸಬೇಕು ಅಂತ ಹೊಳೆಯಲೇ ಇಲ್ಲ. ಒಂದು ಬುಧವಾರ ರಾತ್ರಿ ಮನೆಯಿಂದಲೇ ಅಪ್‌ಡೇಟ್ ಮಾಡಿ, ರೀಬೂಟ್ ಕೊಟ್ಟು, ಮಲಗಿದೆ.

ಬೆಳಿಗ್ಗೆ ಎಂಟಕ್ಕೆ ಸ್ಟೋರ್ಸ್‌ನಿಂದ ಫೋನ್. "ಸರ್, ಲೋಡ್ ಆಗಿರೋ ಗಾಡಿ ಗೇಟಲ್ಲಿ ನಿಂತಿದೆ, ಬಿಲ್ ಬರ್ತಾ ಇಲ್ಲ. ಸ್ಕ್ರೀನ್ ಮೇಲೆ ಬರೀ ಇಂಗ್ಲಿಷು."

ಹೊಸ ಕರ್ನಲ್ ಬಂದಿತ್ತು, ಅದಕ್ಕೆ ಹೊಂದುವ ಡ್ರೈವರ್ ಬಂದಿರಲಿಲ್ಲ. ಬೂಟ್ ಆಗುವಾಗ ಮೊದಲು ಲೋಡ್ ಆಗುವ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ಎಂಪಿಟಿಸ್ಯಾಸ್ ಇಲ್ಲ, ಹಾಗಾಗಿ ರೂಟ್ ಪಾರ್ಟಿಷನ್ ಸಿಗದೆ ಎಮರ್ಜೆನ್ಸಿ ಶೆಲ್‌ನಲ್ಲಿ ಹೋಗಿ ಕೂತಿತ್ತು. ಪುಣ್ಯಕ್ಕೆ ಈ ವ್ಯವಸ್ಥೆ ಹಿಂದಿನ ಕರ್ನಲ್‌ಗಳನ್ನು ಒಟ್ಟಿಗೇ ಅಳಿಸುವುದಿಲ್ಲ, ಹೊಸದೂ ಸೇರಿ ಮೂರು ಉಳಿಸಿಕೊಳ್ಳುತ್ತದೆ. ನಾನು ಹೊರಟು ಟ್ರಾಫಿಕ್ ದಾಟಿ ಸೇರುವಷ್ಟರಲ್ಲಿ ಮಧ್ಯಾಹ್ನ ಆಗುತ್ತಿತ್ತು. ಫೋನಿನಲ್ಲೇ ಹೇಳಿಕೊಟ್ಟೆ. "ಅಣ್ಣಾ, ಆಫ್ ಮಾಡಿ ಆನ್ ಮಾಡಿ. ಕಪ್ಪು ಸ್ಕ್ರೀನಲ್ಲಿ ಮೂರು ನಾಲ್ಕು ಸಾಲು ಬರತ್ತೆ. ಬಂದ ತಕ್ಷಣ ಕೆಳಗಿನ ಬಾಣ ಒಂದೇ ಸಲ ಒತ್ತಿ, ಎಂಟರ್ ಹೊಡೀರಿ." ಆ ಮೆನು ಇರುವುದೇ ಐದು ಸೆಕೆಂಡು. ಅವರು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಎರಡು ಸಲ ತಪ್ಪಿತು. ಮೂರನೇ ಸಲ ಸಿಕ್ಕಿತು. ಗಾಡಿ ಹೊರಟಾಗ ಒಂಬತ್ತೂಕಾಲು.

ಓನರ್‌ಗೆ ಹೋಗಿ, ಇದು ಮಷೀನಿನ ತಪ್ಪಲ್ಲ ಸರ್, ನನ್ನದು ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಸ ಸರ್ವರ್ ಎಷ್ಟಾಗತ್ತೆ ಅಂದಿದ್ದೆ?" ಅಂತ ಕೇಳಿದರು. ಕೊಟೇಶನ್ ಕೊಟ್ಟೆ. ಅದು ಟೇಬಲ್ ಮೇಲೆ ಬಹಳ ದಿನ ಇತ್ತು.

ಈಗ ಅಲ್ಲಿ ಅಪ್‌ಡೇಟ್ ಪಟ್ಟಿಯಿಂದ ಕರ್ನಲ್ ಹೊರಗಿಟ್ಟಿದ್ದೇನೆ. ಮಿರರ್‌ಗೆ ಇಎಲ್‌ರೆಪೊ ಸೇರಿಸಿದ್ದೇನೆ. ಕರ್ನಲ್ ಹಾಕುವುದು ಶನಿವಾರ, ಅಲ್ಲೇ ಕೂತು. ಹಾಕಿದ ಮೇಲೆ, ರೀಬೂಟ್‌ಗೆ ಮೊದಲು, ಹೊಸ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ಎಂಪಿಟಿಸ್ಯಾಸ್ ಇದೆಯಾ ಅಂತ ಎಲ್‌ಎಸ್‌ಇನಿಟ್‌ಆರ್‌ಡಿ ಕಮಾಂಡ್ ಕೊಟ್ಟು ನೋಡುತ್ತೇನೆ. ಅರ್ಧ ನಿಮಿಷದ ಕೆಲಸ.

2024ರ ಮೇ ತಿಂಗಳಲ್ಲಿ ಆಲ್ಮಾ 9.4 ಬಂತು. ಬಿಟ್ಟಿದ್ದ ಹಳೇ ಡ್ರೈವರ್‌ಗಳನ್ನು ಅವರೇ ವಾಪಸ್ ಸೇರಿಸಿದ್ದರು. ಪಟ್ಟಿಯಲ್ಲಿ ಎಂಪಿಟಿಸ್ಯಾಸ್ ಹೆಸರೂ ಇತ್ತು. ಓದಿ ನಗು ಬಂತು. ನಮ್ಮ ಕಾರ್ಡಿಗೆ 9 ಸರಿಹೋಯಿತು, ಸಿಪಿಯು ಮಾತ್ರ ಇನ್ನೂ 4.1ರಲ್ಲೇ ನಿಂತಿದೆ.